ಟೊಮ್ಯಾಟೊ ಗಿಡ ಬಾಡಿದರೆ ಎಣ್ಣಿ ಹೊಡೆಯುವ ಮುನ್ನ ಬೇರು ನೋಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಸಣ್ಣ ರೈತರ ಟೊಮ್ಯಾಟೊ ಎಂದರೆ ಸಾಮಾನ್ಯವಾಗಿ ಅರ್ಧ ಎಕರೆ, ಹೆಚ್ಚೆಂದರೆ ಒಂದು ಎಕರೆ. ಉಳಿದ ಹೊಲದಲ್ಲಿ ತೊಗರಿ, ಜೋಳ, ಕಡಲೆ ಇರುತ್ತವೆ. ನೀರಿನ ಆಸರೆ ಇರುವ ಮೂಲೆಯಲ್ಲಿ ಟೊಮ್ಯಾಟೊ ಹಚ್ಚುತ್ತಾರೆ. ಗಿಡ ಬಾಡಿದ ಕೂಡಲೇ ಅಂಗಡಿಗೆ ಹೋಗಿ ‘ಬಾಡೋದಕ್ಕ ಎಣ್ಣಿ (ಸಿಂಪಡಿಸುವ ಔಷಧಿ) ಕೊಡ್ರಿ’ ಎಂದು ಕೇಳುವುದು ರೂಢಿ. ಆದರೆ ಬಾಡುವುದು ಒಂದು ರೋಗವಲ್ಲ, ಐದಾರು ಬೇರೆ ಬೇರೆ ಕಾರಣಗಳಿಗೆ ಗಿಡ ತೋರಿಸುವ ಒಂದೇ ಲಕ್ಷಣ. ಅವೆಲ್ಲ ಶುರುವಾಗುವುದು ಮಣ್ಣಿನೊಳಗೆ. ಎಲೆಯ ಮೇಲೆ ಹೊಡೆದದ್ದು ಅಲ್ಲಿಗೆ ಮುಟ್ಟುವುದೇ ಇಲ್ಲ.

ಮೊದಲು ಹೊಲ ಯಾವುದು ನೋಡಿ

ಎರೆ ಹೊಲಕ್ಕೂ ಕೆಂಪು ಹೊಲಕ್ಕೂ ಒಂದೇ ಸಲಹೆ ನಡೆಯುವುದಿಲ್ಲ. ಕಲಬುರಗಿಯ ಬಹುಭಾಗ, ಭಾಲ್ಕಿ, ಔರಾದ್ ಕಡೆಯ ಎರೆ ಮಣ್ಣು ನೀರು ಹಿಡಿದರೆ ಬಿಡುವುದಿಲ್ಲ, ಒಣಗಿದರೆ ಬಿರುಕು ಬಿಟ್ಟು ಎಳೆಬೇರು ಹರಿಯುತ್ತದೆ. ಬೀದರ್, ಹುಮನಾಬಾದ್ ಕಡೆಯ ಜಂಬಿಟ್ಟಿಗೆ ಮಣ್ಣಿನಲ್ಲಿ, ಗುರುಮಠಕಲ್ ಸುತ್ತಲಿನ ಕೆಂಪು ಮರಳು ಮಣ್ಣಿನಲ್ಲಿ ನೀರು ಬೇಗ ಇಳಿದುಹೋಗುತ್ತದೆ, ಸಾವಯವ ಅಂಶ ಕಡಿಮೆ, ಬೇರುಗಂಟು ಹುಳುವಿನ ಕಾಟ ಜಾಸ್ತಿ. ಸುರಪುರ, ಶಹಾಪುರದ ಕಾಲುವೆ ನೀರಾವರಿ ಹೊಲಗಳಲ್ಲಿ ತಗ್ಗು ಜಾಗ ಸವಳು ಹಿಡಿದಿರಬಹುದು. ಒಣಗಿದಾಗ ಮೇಲೆ ಬಿಳಿ ಪದರ ಕಂಡರೆ ಅಲ್ಲಿ ಟೊಮ್ಯಾಟೊ ಬೇಡ.

ಮಣ್ಣು ಪರೀಕ್ಷೆಯನ್ನು ನಾಟಿಗೆ ಎರಡು ತಿಂಗಳ ಮೊದಲೇ ಮಾಡಿಸಿ. ಹೊಲದಲ್ಲಿ ಅಡ್ಡಾದಿಡ್ಡಿ ಓಡಾಡಿ 8–10 ಕಡೆ ಇಂಗ್ಲಿಷ್‌ನ ‘ವಿ’ ಆಕಾರದಲ್ಲಿ 15–20 ಸೆಂ.ಮೀ. ಆಳದ ಗುಂಡಿ ತೆಗೆದು, ಗೋಡೆಯಿಂದ ಒಂದು ಬೆರಳು ದಪ್ಪ ಮಣ್ಣು ಕೆರೆದುಕೊಳ್ಳಿ. ಬದು, ತಿಪ್ಪೆ, ಮರದ ನೆರಳು ಬಿಟ್ಟುಬಿಡಿ. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ತೆಗೆದುಹಾಕುತ್ತಾ ಅರ್ಧ ಕೆ.ಜಿ. ಉಳಿಸಿ. ಯೂರಿಯಾ ಚೀಲದಲ್ಲಿ ತುಂಬಿದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಬಹುದು. ಕಲಬುರಗಿ, ಬೀದರ್, ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ.

ವರದಿ ಬರುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಒಣ ಮಣ್ಣಿನ ಹೆಂಟೆಯ ಮೇಲೆ ನಿಂಬೆರಸ ಹಿಂಡಿ. ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣ ಬೇಕಾದಷ್ಟಿದೆ ಎಂದರ್ಥ. ಬೇರೆ ಕಡೆ ಹುಳಿ ಮಣ್ಣಿನವರಿಗೆ ಹೇಳಿದ ‘ಸೊರಗು ರೋಗಕ್ಕೆ ಸುಣ್ಣ ಹಾಕಿ’ ಎಂಬ ಸಲಹೆಯನ್ನು ಇಂಥ ಹೊಲದಲ್ಲಿ ಪಾಲಿಸಲೇಬೇಡಿ. ರಸಸಾರ (ಪಿಎಚ್) 8 ದಾಟಿದ ಮಣ್ಣಿಗೆ ಇನ್ನಷ್ಟು ಸುಣ್ಣ ಬಿದ್ದರೆ ಸತು, ಕಬ್ಬಿಣ ಗಿಡಕ್ಕೆ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ. ಸತುವಿನ ಕೊರತೆ ವರದಿಯಲ್ಲಿ ಬಂದರೆ ಎಕರೆಗೆ 10 ಕೆ.ಜಿ. ಜಿಂಕ್ ಸಲ್ಫೇಟನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಕೊಡಿ. ಡಿಎಪಿ ಜೊತೆ ಬೆರೆಸಿದರೆ ಎರಡೂ ಗಟ್ಟಿಯಾಗಿ ಕೂತು ವ್ಯರ್ಥವಾಗುತ್ತವೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಸಿಂಪಡಿಸಿ.

ನೀರು ನಿಲ್ಲದ ಮಡಿ

ಎರೆ ಹೊಲದ ಟೊಮ್ಯಾಟೊಗೆ ಒಂದೇ ಒಂದು ಖರ್ಚು ಮಾಡಲು ಸಾಧ್ಯ ಎಂದಾದರೆ ಅದನ್ನು ಏರು ಮಡಿಗೇ ಮಾಡಿ. ಸಮತಟ್ಟು ಹೊಲದಲ್ಲಿ ಹಚ್ಚಿದ ಗಿಡದ ಬುಡದಲ್ಲಿ ಎರಡು ದಿನ ನೀರು ನಿಂತರೆ ಬೇರಿಗೆ ಉಸಿರಿಲ್ಲ. ಉಸಿರುಗಟ್ಟಿದ ಬೇರಿಗೆ ಮೊದಲು ಕೊಳೆ, ಆಮೇಲೆ ಸೊರಗು ರೋಗ.

ಏಪ್ರಿಲ್–ಮೇ ಬಿಸಿಲಿನಲ್ಲಿ 10–15 ದಿನ ಅಂತರ ಬಿಟ್ಟು ಎರಡು ಸಲ ಆಳವಾಗಿ ನೇಗಿಲು ಹೊಡೆಸಿ. ನಮ್ಮ ಭಾಗದ ಬಿರುಬಿಸಿಲು ಬೇರುಗಂಟು ಹುಳುವಿಗೆ, ಕೋಶದಲ್ಲಿ ಮಲಗಿದ ಕೀಡಿಗೆ ದೊಡ್ಡ ಶತ್ರು. ಆ ಕೆಲಸಕ್ಕೆ ದುಡ್ಡು ಕೊಡಬೇಕಿಲ್ಲ. ಮಳೆ ಬಿದ್ದ ಮೇಲೆ ಮಾತ್ರ ಅವಸರ ಬೇಡ. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ಒಡೆದು ಚೂರಾದರೆ ಹದ ಬಂದಿದೆ. ಚಪ್ಪಟೆಯಾಗಿ ಅಂಟಿಕೊಂಡರೆ ಟ್ರ್ಯಾಕ್ಟರ್ ಇಳಿಸಬೇಡಿ. ಹಸಿಯಲ್ಲಿ ತುಳಿದ ಎರೆ ಮಣ್ಣು ಗಟ್ಟಿ ಹಾಸಾಗಿ ಆ ಹಂಗಾಮು ಮುಗಿಯುವವರೆಗೂ ಬೇರನ್ನು ಕೆಳಗಿಳಿಯಗೊಡುವುದಿಲ್ಲ.

ಮಡಿಯ ಎತ್ತರ ಒಂದು ಅಡಿ, ಮೇಲ್ಭಾಗದ ಅಗಲ ಮೂರು ಅಡಿ ಇರಲಿ. ಸಾಲಿನಿಂದ ಸಾಲಿಗೆ 4–5 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿ ಬಿಡಿ. ಹೊಲದ ಇಳಿಜಾರಿನ ಕಡೆ ಮಡಿಗಿಂತ ಆಳವಾದ ಬಸಿಗಾಲುವೆ ತೆಗೆಯಿರಿ. ಕೆಂಪು ಮಣ್ಣಿನಲ್ಲಿ ಅರ್ಧ ಅಡಿ ಮಡಿ ಸಾಕು.

ಹೊದಿಕೆ ಎರಡೂ ಮಣ್ಣಿಗೆ ಬೇಕು. ಪ್ಲಾಸ್ಟಿಕ್ ಹಾಸುವುದಾದರೆ 25–30 ಮೈಕ್ರಾನಿನ ಬೆಳ್ಳಿ–ಕಪ್ಪು ಹಾಳೆ ತನ್ನಿ, ಬೆಳ್ಳಿ ಬಣ್ಣ ಮೇಲಿರಲಿ. ಅದರ ಹೊಳಪಿಗೆ ಬಿಳಿ ನೊಣ, ಥ್ರಿಪ್ಸ್ ಕಡಿಮೆ ಕೂರುತ್ತವೆ. ಕಪ್ಪು ಮೇಲಾದರೆ ಬೇಸಿಗೆಯಲ್ಲಿ ಬುಡ ಸುಡುತ್ತದೆ. ದುಡ್ಡಿಲ್ಲದಿದ್ದರೆ ತೊಗರಿ ಹೊಟ್ಟು, ಕಬ್ಬಿನ ರವದಿ, ಜೋಳದ ಕಣಿಕೆಯ ಚೂರು ಯಾವುದಾದರೂ ನಡೆಯುತ್ತದೆ. ಎರಡರಿಂದ ಮೂರು ಇಂಚು ದಪ್ಪ ಹರಡಿ, ಕಾಂಡದಿಂದ ಎರಡು ಇಂಚು ದೂರ ಇಡಿ. ಕಾಂಡಕ್ಕೆ ತಾಗಿದರೆ ಬುಡ ಕೊಳೆಯುತ್ತದೆ.

ಗೊಬ್ಬರ: ಕಳಿತದ್ದು ಮಾತ್ರ

ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರ ಶಿಫಾರಸು. ಅಷ್ಟು ಸಿಗದವರು ಹಿಂದಿನ ಹಂಗಾಮಿನಲ್ಲಿ ಎಕರೆಗೆ 12–15 ಕೆ.ಜಿ. ಸೆಣಬು, ಸವಳಿನ ಅಂಶವಿದ್ದರೆ 20 ಕೆ.ಜಿ. ಡಯಂಚ (ಎರಡೂ ಹಸಿರೆಲೆ ಗೊಬ್ಬರದ ಗಿಡ) ಬಿತ್ತಿ, ಹೂ ಬಿಡುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ ಮಣ್ಣಿಗೆ ಸೇರಿಸಲಿ. ಅದಾದ ಮೇಲೆ ಕನಿಷ್ಠ ಮೂರು ವಾರ ಬಿಟ್ಟೇ ಟೊಮ್ಯಾಟೊ ಹಚ್ಚಬೇಕು. ಅರೆಬರೆ ಕಳಿತ ಸೊಪ್ಪು, ಹಸಿ ಸಗಣಿ ಬುಡ ಕೊಳೆಸುವ ಶಿಲೀಂಧ್ರಕ್ಕೆ ಊಟ. ಒಳ್ಳೆಯ ಗೊಬ್ಬರ ಮುಟ್ಟಿದರೆ ಬಿಸಿ ಇರುವುದಿಲ್ಲ, ಮೂಗಿಗೆ ಹಿಡಿದರೆ ಮಣ್ಣಿನ ವಾಸನೆ ಬರುತ್ತದೆ, ಸಗಣಿಯದಲ್ಲ.

ಟ್ರೈಕೋಡರ್ಮಾ ಎಂದರೆ ರೋಗದ ಶಿಲೀಂಧ್ರವನ್ನು ತಿನ್ನುವ ಒಳ್ಳೆಯ ಶಿಲೀಂಧ್ರ. ಅದನ್ನು ನೇರ ಹೊಲಕ್ಕೆ ಉಗ್ಗುವುದು ದುಡ್ಡು ದಂಡ. ಬಿಸಿಲಿಗೆ ಬಿದ್ದರೆ ಸಾಯುತ್ತದೆ, ತಿನ್ನಲು ಏನೂ ಇಲ್ಲದಿದ್ದರೆ ಹರಡುವುದಿಲ್ಲ. ಎಕರೆಗೆ ಬೇಕಾದದ್ದನ್ನು ಹೀಗೆ ಸಿದ್ಧಮಾಡಿ: ಬೇವಿನ ಮರದ ಕೆಳಗೋ ಚಪ್ಪರದಡಿಯೋ 200 ಕೆ.ಜಿ. ಕಳಿತ ಗೊಬ್ಬರ ಹರಡಿ, 20 ಕೆ.ಜಿ. ಬೇವಿನ ಹಿಂಡಿ, 2 ಕೆ.ಜಿ. ಟ್ರೈಕೋಡರ್ಮಾ, 2 ಕೆ.ಜಿ. ಸ್ಯೂಡೋಮೊನಾಸ್ (ರೋಗ ತಡೆಯುವ ದುಂಡಾಣು, ಅಂದರೆ ಬ್ಯಾಕ್ಟೀರಿಯಾ) ಬೆರೆಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅಷ್ಟು ತೇವ ಮಾಡಿ ಒದ್ದೆ ಗೋಣಿಚೀಲ ಹೊದಿಸಿ. ನಾಲ್ಕು ದಿನಕ್ಕೊಮ್ಮೆ ತಿರುವಿ ಹಾಕಿ. 12–15 ದಿನದಲ್ಲಿ ಮೇಲೆ ಬಿಳಿ, ಆಮೇಲೆ ಹಸಿರು ಬೂಸು ಕಾಣಿಸಿದರೆ ತಯಾರು. ಸಂಜೆ ಹೊತ್ತು ಮಡಿಯ ಸಾಲಿಗೆ ಹಾಕಿ ಮಣ್ಣು ಮುಚ್ಚಿ, ಅಂದೇ ನೀರು ಬಿಡಿ. ಪಾಕೀಟು ಕೊಳ್ಳುವಾಗ ತಯಾರಾದ ದಿನಾಂಕ ನೋಡಿ. ಅಂಗಡಿಯ ತಗಡಿನ ಮಾಡಿನಡಿ ಬೇಸಿಗೆ ಕಳೆದ ಪಾಕೀಟಿನಲ್ಲಿ ಜೀವ ಉಳಿದಿರುವ ಭರವಸೆ ಇಲ್ಲ. ಹಾಕಿದ ಹದಿನೈದು ದಿನ ಬುಡಕ್ಕೆ ತಾಮ್ರದ ಅಥವಾ ಬೇರೆ ಶಿಲೀಂಧ್ರನಾಶಕ ಸುರಿಯಬೇಡಿ. ಒಂದು ಕೈಯಲ್ಲಿ ಸಾಕಿ ಇನ್ನೊಂದು ಕೈಯಲ್ಲಿ ಕೊಂದ ಹಾಗಾಗುತ್ತದೆ.

ಯೂರಿಯಾದಲ್ಲಿ ಕೈ ಬಿಗಿಹಿಡಿಯಿರಿ. ಕಡು ಹಸಿರಾಗಿ ಮೆತ್ತಗೆ ಬೆಳೆದ ಗಿಡಕ್ಕೆ ರಸ ಹೀರುವ ಕೀಟ ಮೊದಲು ಬರುತ್ತದೆ.

ಸಸಿ

ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ (ಐಐಎಚ್ಆರ್) ಅರ್ಕಾ ರಕ್ಷಕ್ ತಳಿ ಎಲೆ ಮುಟುರು, ದುಂಡಾಣು ಸೊರಗು, ಮುಂಚಿತ ಅಂಗಮಾರಿ ಮೂರನ್ನೂ ತಡೆಯುವ ಶಕ್ತಿ ಪಡೆದಿದೆ. ಸೊರಗು ಬಂದುಹೋದ ಹೊಲಕ್ಕೆ ಇಂಥ ತಳಿಯನ್ನೇ ಆರಿಸಿ. ಎಲೆ ಮುಟುರು ರೋಗದ ಅರ್ಧ ಕತೆ ನರ್ಸರಿಯಲ್ಲೇ ಮುಗಿದಿರುತ್ತದೆ, ಆದ್ದರಿಂದ 40–50 ಮೆಶ್ ನೈಲಾನ್ ಪರದೆಯೊಳಗೆ ಬೆಳೆದ 25 ದಿನದ ಟ್ರೇ ಸಸಿ ತನ್ನಿ. ನಾಟಿಗೆ ಮುನ್ನ ಬೇರನ್ನು ಲೀಟರಿಗೆ 10 ಗ್ರಾಂ ಸ್ಯೂಡೋಮೊನಾಸ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿಡಿ. ನಾಟಿಗೆ ಮೂರು ವಾರ ಮೊದಲೇ ಹೊಲದ ಸುತ್ತ ಎರಡು ಸಾಲು ಮೆಕ್ಕೆಜೋಳ ಬಿತ್ತಿರಿ. ತಡವಾಗಿ ಬಿತ್ತಿದ ಮೆಕ್ಕೆಜೋಳ ಬಿಳಿ ನೊಣಕ್ಕೆ ಅಡ್ಡವಾಗುವಷ್ಟು ಎತ್ತರ ಬರುವುದೇ ಇಲ್ಲ.

ಬಾಡಿದ ಗಿಡ ಕಿತ್ತು ನೋಡುವ ಬಗೆ

ಗಿಡವನ್ನು ಎಳೆಯಬೇಡಿ, ಎಳೆದರೆ ಬೇಕಾದ ಬೇರೇ ಮಣ್ಣಿನಲ್ಲಿ ಉಳಿಯುತ್ತದೆ. ಸಲಿಕೆಯಿಂದ ಮಣ್ಣು ಸಮೇತ ಎತ್ತಿ, ಬಕೀಟಿನ ನೀರಿನಲ್ಲಿ ಅಲ್ಲಾಡಿಸಿ ತೊಳೆಯಿರಿ.

ಬೇರು ಕಂದು ಬಣ್ಣಕ್ಕೆ ತಿರುಗಿ, ಮೇಲಿನ ಸಿಪ್ಪೆ ಜಾರಿ, ಕೊಳೆತ ವಾಸನೆ ಬಂದರೆ ಅದು ನಿಂತ ನೀರಿನ ಕೆಲಸ. ತಗ್ಗಿನಲ್ಲಿರುವ ಗಿಡಗಳೆಲ್ಲ ಒಟ್ಟಿಗೆ ಬಾಡಿರುತ್ತವೆ. ಬಸಿಗಾಲುವೆ ತೆಗೆದು, ಮೂರ್ನಾಲ್ಕು ದಿನ ನೀರು ನಿಲ್ಲಿಸಿ.

ಬೇರಿನಲ್ಲಿ ಗಂಟು ಕಂಡರೆ ಉಗುರಿನಿಂದ ಉಜ್ಜಿ. ತೊಗರಿ ಬೇರಿನ ಗಂಟು ಉಜ್ಜಿದರೆ ಕಳಚಿ ಬೀಳುತ್ತದೆ, ಅದು ಸಾರಜನಕ ಕೊಡುವ ಒಳ್ಳೆಯ ಗಂಟು. ಟೊಮ್ಯಾಟೊ ಬೇರಿನದು ಕಳಚುವುದಿಲ್ಲ, ಬೇರೇ ಊದಿಕೊಂಡಿರುತ್ತದೆ. ಇದು ಬೇರುಗಂಟು ಹುಳು. ಈ ಬೆಳೆಗೆ ಮಾಡಬಹುದಾದದ್ದು ಕಡಿಮೆ. ಮುಂದಿನ ಸಲ ನಾಟಿಗೆ ಮುನ್ನ ಎಕರೆಗೆ 100–200 ಕೆ.ಜಿ. ಬೇವಿನ ಹಿಂಡಿ ಹಾಕಿ, ನಡುವೆ ಒಂದು ಹಂಗಾಮು ಚೆಂಡು ಹೂ ಅಥವಾ ಜೋಳ ಬೆಳೆಯಿರಿ.

ನೆಲಮಟ್ಟದಲ್ಲಿ ಕಾಂಡಕ್ಕೆ ಬಿಳಿ ನೂಲು, ಅದರ ನಡುವೆ ಸಾಸಿವೆಯಂಥ ಕಂದು ಕಾಳು ಕಂಡರೆ ಅದು ಬುಡ ಕೊಳೆ ರೋಗ. ಕಡಲೆ, ಶೇಂಗಾ ಹೊಲದಲ್ಲೂ ಇದೇ ಶಿಲೀಂಧ್ರ ಇರುತ್ತದೆ. ಹಾಗಾಗಿ ಕಡಲೆಯಲ್ಲಿ ಬುಡ ಕೊಳೆ ಕಂಡ ಹೊಲದಲ್ಲಿ ಅದರ ಬೆನ್ನಿಗೇ ಟೊಮ್ಯಾಟೊ ಹಚ್ಚಬೇಡಿ. ತೊಗರಿಗೆ ಬರುವ ಸೊರಗು ರೋಗದ ಬಗ್ಗೆ ಆ ಚಿಂತೆ ಬೇಡ. ಅದರ ಶಿಲೀಂಧ್ರವೇ ಬೇರೆ, ಟೊಮ್ಯಾಟೊಗೆ ತಗಲುವುದಿಲ್ಲ.

ಬೇರು, ಬುಡ ಎರಡೂ ಮೇಲ್ನೋಟಕ್ಕೆ ಚೆನ್ನಾಗಿದ್ದರೆ ಕಾಂಡವನ್ನು ಉದ್ದಕ್ಕೆ ಸೀಳಿ. ಒಳಗೆ ಕಂದು ಗೆರೆಗಳಿದ್ದರೆ ಎರಡರಲ್ಲೊಂದು ಸೊರಗು ರೋಗ. ಯಾವುದೆಂದು ತಿಳಿಯಲು ಗಾಜಿನ ಲೋಟ ಬೇಕು. ಬುಡದ ಹತ್ತಿರದಿಂದ ಎರಡು ಇಂಚು ಕಾಂಡ ಕತ್ತರಿಸಿ, ದಾರ ಕಟ್ಟಿ, ತಿಳಿ ನೀರಿನಲ್ಲಿ ಅರ್ಧ ಮುಳುಗುವಂತೆ ತೂಗುಬಿಡಿ. ಲೋಟವನ್ನು ಅಲ್ಲಾಡಿಸದೆ ಐದು ನಿಮಿಷ ನೋಡಿ. ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ದುಂಡಾಣು ಸೊರಗು. ಇದರಲ್ಲಿ ಎಲೆ ಹಳದಿಯಾಗುವ ಮೊದಲೇ ಹಸಿರು ಗಿಡ ಒಮ್ಮೆಲೇ ಜೋತುಬೀಳುತ್ತದೆ. ನೀರು ತಿಳಿಯಾಗಿಯೇ ಉಳಿದು, ಕೆಳಗಿನ ಎಲೆಗಳು ಒಂದು ಮಗ್ಗುಲಿನಿಂದ ನಿಧಾನವಾಗಿ ಹಳದಿಯಾಗಿದ್ದರೆ ಅದು ಶಿಲೀಂಧ್ರದ ಸೊರಗು.

ಶಿಲೀಂಧ್ರದ್ದಾದರೆ ಸುತ್ತಲಿನ ಗಿಡಗಳ ಬುಡಕ್ಕೆ ಲೀಟರಿಗೆ 1 ಗ್ರಾಂ ಕಾರ್ಬೆಂಡೆಜಿಮ್ ಬೆರೆಸಿದ ನೀರು ಹಾಕಿ ಹರಡುವುದನ್ನು ತಡೆಯಬಹುದು. ದುಂಡಾಣುವಿನದ್ದಾದರೆ ಯಾವ ಎಣ್ಣಿಯಿಂದಲೂ ಆ ಗಿಡ ಏಳುವುದಿಲ್ಲ. ಮಣ್ಣು ಸಮೇತ ಎತ್ತಿ ಚೀಲದಲ್ಲಿ ಹೊತ್ತೊಯ್ದು ಸುಡಿ, ಗುಂಡಿಗೆ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಹಾಕಿ ಮುಚ್ಚಿ. ಆ ಸಾಲಿನ ನೀರು ಬೇರೆ ಸಾಲಿಗೆ ಹರಿಯದಂತೆ ಕಟ್ಟಿ, ಆ ಸಾಲಿನ ಕೆಲಸ ದಿನದ ಕೊನೆಗೆ ಮಾಡಿ. ಸಲಿಕೆ, ಕುಡುಗೋಲು, ಚಪ್ಪಲಿ ಮೂರರಿಂದಲೂ ಇದು ಹರಡುತ್ತದೆ.

ಎಲೆ, ಕಾಯಿ

ಕೆಳಗಿನ ಎಲೆಯಲ್ಲಿ ಉಂಗುರ ಉಂಗುರವಾದ ಕಂದು ಚುಕ್ಕೆ ಮುಂಚಿತ ಅಂಗಮಾರಿ. ಗಿಡಕ್ಕೆ ಕೋಲು ಕಟ್ಟಿ, ನೆಲದಿಂದ ಒಂದು ಅಡಿವರೆಗಿನ ಎಲೆ ತೆಗೆಯಿರಿ. ಆಮೇಲೂ ಏರಿದರೆ ಲೀಟರಿಗೆ 2.5 ಗ್ರಾಂ ಮ್ಯಾಂಕೋಜೆಬ್ ಹೊಡೆಯಿರಿ, ಡಬ್ಬಿಯ ಮೇಲೆ ಬರೆದಷ್ಟು ದಿನ ಬಿಟ್ಟೇ ಹಣ್ಣು ಕೀಳಿ. ಎಲೆ ಮುಟುರು ರೋಗಕ್ಕೆ ಔಷಧಿ ಇಲ್ಲ. ಮೊದಲ ಒಂದು ತಿಂಗಳಲ್ಲಿ ಕಂಡ ಗಿಡ ಕಿತ್ತುಹಾಕಿ, ಎಕರೆಗೆ 10–12 ಹಳದಿ ಅಂಟು ಹಾಳೆ ಕಟ್ಟಿ ಬಿಳಿ ನೊಣದ ಮೇಲೆ ಕಣ್ಣಿಡಿ.

ಕಾಯಿಯ ತುದಿ ಕಪ್ಪಾಗಿ ಒಣಗಿದರೆ ಸುಣ್ಣದ (ಕ್ಯಾಲ್ಸಿಯಂ) ಕೊರತೆ ಎಂದು ಜಿಪ್ಸಂ ಚೀಲ ತರುತ್ತಾರೆ. ನಿಂಬೆರಸಕ್ಕೆ ನೊರೆ ಬಂದ ಹೊಲದಲ್ಲಿ ಸುಣ್ಣಕ್ಕೆ ಕೊರತೆಯಿಲ್ಲ, ಅದನ್ನು ಕಾಯಿಗೆ ಮುಟ್ಟಿಸುವ ನೀರು ಸಮನಾಗಿ ಸಿಕ್ಕಿಲ್ಲ. ವಾರ ಒಣಗಿಸಿ ಒಮ್ಮೆಲೇ ತುಂಬಾ ನೀರು ಬಿಡುವುದನ್ನು ನಿಲ್ಲಿಸಿ. ಎರೆ ಹೊಲಕ್ಕೆ ಡ್ರಿಪ್‌ನಲ್ಲಿ ದಿನ ಬಿಟ್ಟು ದಿನ, ಕೆಂಪು ಹೊಲಕ್ಕೆ ದಿನಾ ಸ್ವಲ್ಪ ಸ್ವಲ್ಪ ಕೊಡಿ.

ಕಾಯಿಕೊರಕ ಬೇರೆ ಹುಳುವಲ್ಲ, ತೊಗರಿಯ ಹಸಿರು ಕೀಡಿಯೇ. ತೊಗರಿ ಕೊಯ್ಲಾಗುವ ಡಿಸೆಂಬರ್–ಜನವರಿಯಲ್ಲಿ ಅದರ ಪತಂಗ ಟೊಮ್ಯಾಟೊ ಹುಡುಕಿಕೊಂಡು ಬರುತ್ತದೆ. 14–16 ಸಾಲಿಗೆ ಒಂದು ಸಾಲು ಚೆಂಡು ಹೂ ಹಚ್ಚಿದ್ದರೆ ಮೊಟ್ಟೆ ಅಲ್ಲಿ ಬೀಳುತ್ತವೆ. ಟೊಮ್ಯಾಟೊ ಸಸಿ 25 ದಿನದ್ದಾದರೆ ಚೆಂಡು ಹೂವಿನ ಸಸಿ 40 ದಿನದ್ದಿರಬೇಕು, ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆಗಳನ್ನು ಎಕರೆಗೆ 5 ಕಟ್ಟಿ. ಮರಿ ಕೀಡಿ ಕಂಡ ಕೂಡಲೇ ಎಕರೆಗೆ 100 ಎಲ್‌ಇ (ಇದರ ಅಳತೆ) ಎನ್‌ಪಿವಿ, ಅಂದರೆ ಕೀಡಿಗೆ ರೋಗ ತರುವ ನಂಜಾಣುವನ್ನು (ವೈರಸ್) ಬೆಲ್ಲದ ನೀರಿನೊಂದಿಗೆ ಸಂಜೆ ಹೊಡೆಯಿರಿ. ಕೀಡಿ ಬಲಿತು ಕಾಯಿಯೊಳಗೆ ಹೊಕ್ಕ ಮೇಲೆ ಪ್ರಯೋಜನವಿಲ್ಲ.

ಕೊನೆಯ ಕೊಯ್ಲಾದ ವಾರದೊಳಗೆ ಗಿಡ ಬೇರುಸಮೇತ ತೆಗೆಯಿರಿ. ಸೊರಗು ರೋಗ ಕಂಡ ಹೊಲದ ಗಿಡವನ್ನು ತಿಪ್ಪೆಗೆ ಹಾಕಬೇಡಿ. ಆ ಹೊಲದಲ್ಲಿ ಎರಡು–ಮೂರು ವರ್ಷ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ, ಜೋಳ ಅಥವಾ ಮೆಕ್ಕೆಜೋಳ ಬಿತ್ತಿರಿ. ಕಟ್ಟಿದ ಕೋಲುಗಳನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿ ಬಿಸಿಲಿಗೆ ಒಣಗಿಸಿಯೇ ಮುಂದಿನ ಹೊಲಕ್ಕೆ ಒಯ್ಯಿರಿ, ಹಳೆ ದಾರ ಸುಟ್ಟುಬಿಡಿ.