ಘಾಟಿಯಲ್ಲಿ ಸೈಕಲ್ ಇಂಟರ್ವಲ್ ಮಾಡೋರು ರಿಕವರಿಗೆ ನಿಮಿಷ ಹಾಕಬೇಡಿ

ಕೈಮರದಿಂದ ಮುಳ್ಳಯ್ಯನಗಿರಿ ಕಡೆ 4×8 ನಿಮಿಷದಂಥ ರಿಪೀಟ್ಸ್ (8 ನಿಮಿಷ ಜೋರಾಗಿ ಏರಿ, ಇಳಿಯುತ್ತಾ ಸುಧಾರಿಸಿಕೊಂಡು, ಹೀಗೆ ನಾಲ್ಕು ಸಲ) ಮಾಡುವವರು ಗಾರ್ಮಿನ್ ಸೈಕಲ್ ಕಂಪ್ಯೂಟರ್‌ನ ಆ್ಯಪ್ ಆದ ಗಾರ್ಮಿನ್ ಕನೆಕ್ಟ್‌ನಲ್ಲಿ ವರ್ಕೌಟ್ ಕಟ್ಟುವಾಗ ವಾರ್ಮಪ್ ಮತ್ತು ರಿಕವರಿ ಸ್ಟೆಪ್‌ಗಳ ಅವಧಿಯನ್ನು ‘ಲ್ಯಾಪ್ ಬಟನ್ ಒತ್ತುವವರೆಗೆ’ ಅಂತ ಇಟ್ಟುಕೊಳ್ಳಿ, ಏರುವ 8 ನಿಮಿಷ ಮಾತ್ರ ಸಮಯಕ್ಕೇ ಇರಲಿ. ಕೆಳಗಿಳಿಯಲು ಎಷ್ಟು ಹೊತ್ತು ಬೇಕೆಂಬುದು ಮಂಜು, ಒದ್ದೆ ರಸ್ತೆ, ಭಾನುವಾರದ ಜೀಪುಗಳ ಕೈಲಿದೆ. 5 ನಿಮಿಷ ಅಂತ ಹಾಕಿದರೆ ನೀವಿನ್ನೂ ತಿರುವಿನಲ್ಲಿ ಬ್ರೇಕ್ ಹಿಡಿದಿರುವಾಗಲೇ ಮುಂದಿನ ಇಂಟರ್ವಲ್ ಶುರುವಾಗಿ, ಮೊದಲ ಒಂದೆರಡು ನಿಮಿಷ ತುಳಿಯದೆ ಸೊನ್ನೆ ವಾಟ್‌ನಲ್ಲೇ ಕಳೆದುಹೋಗುತ್ತೆ. ಬುಡಕ್ಕೆ ಬಂದು, ಸೈಕಲ್ ತಿರುಗಿಸಿ, ಗೇರ್ ಸರಿಮಾಡಿಕೊಂಡು ಆಮೇಲೆ ಒತ್ತಿ. ಒಂದೇ ಸಲ! ದಪ್ಪ ಗ್ಲೌಸ್‌ನಲ್ಲಿ ಎರಡು ಸಲ ಒತ್ತಿದರೆ ಇಂಟರ್ವಲ್ಲೇ ಹಾರಿಹೋಗಿ ಮುಂದಿನ ರಿಕವರಿಗೆ ಹೋಗಿಬಿಡುತ್ತೆ. ಪವರ್ ಟಾರ್ಗೆಟ್‌ (ಎಷ್ಟು ವಾಟ್‌ನಲ್ಲಿ ತುಳಿಯಬೇಕೆಂಬ ಗುರಿ) ಕೂಡ 220–225 ವಾಟ್ ಅಂತ ಬಿಗಿಯಾಗಿ ಬೇಡ, 210–235 ಇರಲಿ, ಇಲ್ಲದಿದ್ದರೆ ಪ್ರತಿ ಹೇರ್‌ಪಿನ್‌ಗೂ ಡಿವೈಸ್ ಕಿರಿಚಿಕೊಳ್ಳುತ್ತೆ. ಬದಲಾವಣೆ ಮಾಡಿದ ಮೇಲೆ ಹೊರಡುವ ಮುಂಚೆ ಮನೆಯಲ್ಲೇ ಡಿವೈಸ್‌ಗೆ ಮತ್ತೆ ಕಳಿಸಿ, ಬೆಟ್ಟದ ಮೇಲಿನ ನೆಟ್‌ವರ್ಕ್ ನಂಬಬೇಡಿ. ಮನೆಯೊಳಗೆ ಸ್ಮಾರ್ಟ್ ಟ್ರೈನರ್ (ಸೈಕಲ್ ಕೂರಿಸಿ ತುಳಿಯುವ, ವಾಟ್ ಗುರಿಗೆ ತಕ್ಕಂತೆ ಬಿಗಿತವನ್ನು ತಾನೇ ಬದಲಿಸುವ ಯಂತ್ರ) ಮೇಲೆ ಈ ಉಪಾಯ ಬೇಡ: ಬಟನ್ ಮರೆತರೆ ರಿಕವರಿ ವಾಟ್‌ನಲ್ಲೇ ತುಳಿಯುತ್ತಾ ಇರ್ತೀರಿ.