ಅದೇ ನಾಟಕ, ಅದೇ ತಂಡ: ಕಿರುಚಿತ್ರ ಮಾಡುವ ಬಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ನಾಟಕ ಬರೆದೇ ಹೊಟ್ಟೆ ಹೊರೆಯುವುದು ಕಷ್ಟ, ಸಿನಿಮಾ ಮಾಡಿ ಹೊರೆಯುವುದು ಇನ್ನೂ ಕಷ್ಟ. ಒಂದೇ ಬರಹದಿಂದ ಎರಡನ್ನೂ ಎತ್ತಿದರೆ ಲೆಕ್ಕ ಸ್ವಲ್ಪ ಕೂಡುತ್ತದೆ. ನಾಲ್ಕೈದು ಪಾತ್ರಗಳ, 40 ನಿಮಿಷದ ನಾಟಕ ಆಡಿಸಿ, ಅದೇ ತಂಡ ಇಟ್ಟುಕೊಂಡು 20 ನಿಮಿಷದ ಚಿತ್ರ ತೆಗೆಯಿರಿ.

ಮೊದಲು ಕಾಗದ. ರಂಗಪ್ರಯೋಗದ ಹಕ್ಕು ಬೇರೆ, ಚಿತ್ರದ ಹಕ್ಕು ಬೇರೆ. ಎರಡನ್ನೂ ಒಂದೇ ಬಾಂಡ್ ಪೇಪರಿನಲ್ಲಿ ಸುತ್ತಿ ಕೊಡಬೇಡಿ. ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ದುಡ್ಡು ಎಂಬುದು ಒಂದೊಂದು ಒಪ್ಪಂದದಲ್ಲೂ ಇರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತವಿಡೀ ಎಂದರ್ಥ. ‘ಸಂಪೂರ್ಣ ಹಕ್ಕು ಶಾಶ್ವತವಾಗಿ ಕೊಟ್ಟಿದ್ದೇನೆ’ ಎಂಬ ಸಾಲು ಕಂಡರೆ ಗೀಟೆಳೆದು ಹೊಡೆದುಹಾಕಿ. ಬೇರೆಯವರ ನಾಟಕವಾದರೆ ಲೇಖಕರು ತೀರಿಕೊಂಡು 60 ವರ್ಷ ಕಳೆದಿದೆಯೇ ನೋಡಿ. ಮೂಲದ ಅವಧಿ ಮುಗಿದಿದ್ದರೂ ಅನುವಾದಕರ ಹಕ್ಕು ಉಳಿದಿರಬಹುದು. ಬಹಳ ಜನ ಎಡವುವುದು ಇಲ್ಲೇ.

ಇನ್ನು ಹಂಗಾಮು. ಸಂಕ್ರಾಂತಿ ದಾಟಿತೆಂದರೆ ಜಾತ್ರೆ ನಾಟಕಗಳ ಕಾಲ. ನಟಿಯರು, ಹಾರ್ಮೋನಿಯಂನವರು, ತಬಲಾದವರು ಊರೂರಿಗೆ ಚದುರಿ ಹೋಗಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆ ತಗಡಿನ ಮೇಲೆ ಬಿದ್ದು ಮಾತನ್ನೇ ನುಂಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಧಾರವಾಡದ ‘ಸೃಜನಾ’ದಂಥ ರಂಗಮಂದಿರದಲ್ಲೋ ಯಾವುದಾದರೂ ಸಣ್ಣ ಸಭಾಂಗಣದಲ್ಲೋ ಐದು ಪ್ರಯೋಗ ಮಾಡಿ, ನವೆಂಬರ್‌ನಲ್ಲಿ ನಾಲ್ಕು ದಿನ ಚಿತ್ರೀಕರಣ ಇಟ್ಟುಕೊಳ್ಳಿ. ಪ್ರತಿ ಪ್ರಯೋಗದಲ್ಲೂ ಒಬ್ಬರು ಹಿಂದಿನ ಸಾಲಿನಲ್ಲಿ ಕೂತು, ಜನ ಎಲ್ಲಿ ಕೆಮ್ಮಿದರು, ಎಲ್ಲಿ ಮೊಬೈಲ್ ತೆಗೆದರು ಎಂದು ನಾಟಕದ ಪ್ರತಿಯಲ್ಲಿ ಪೆನ್ಸಿಲ್ ಗುರುತು ಹಾಕಲಿ. ಚಿತ್ರಕ್ಕೆ ಕತ್ತರಿ ಬೀಳಬೇಕಾದ್ದು ಅಲ್ಲಿಯೇ.

ಕಣ್ಣಿಗೇ ತೋರಿಸಬಹುದಾದ ಮಾತನ್ನೂ ಕತ್ತರಿಸಿ. ರಂಗದ ಮೇಲೆ ಸೊಸೆ ‘ಮಾವಾರು ಮುಂಜಾನಿಂದ ಉಂಡಿಲ್ರಿ’ ಅನ್ನಬೇಕಾಗುತ್ತದೆ. ಚಿತ್ರದಲ್ಲಿ ರೊಟ್ಟಿಬುಟ್ಟಿಯ ಬಟ್ಟೆ ಕಟ್ಟಿದ್ದು ಕಟ್ಟಿದಂತೆಯೇ ಇದ್ದರೆ ಸಾಕು. ಆದರೆ ಉಳಿದ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ‘ಶುದ್ಧ’ ಮಾಡಲು ಹೋಗಬೇಡಿ.

ಹಣ ಕಡಿಮೆಯಿದ್ದಾಗ ಕ್ಯಾಮೆರಾಕ್ಕಿಂತ ಮೊದಲು ಧ್ವನಿಗೆ ಖರ್ಚು ಮಾಡಿ. ಹಳೆಯ ಕಲ್ಲಿನ ಮನೆ ನೋಡಲು ಚೆಂದ, ಕೇಳಲು ಬಾವಿ. ಒಳಗೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದಿಗೆ ಬಾಲ ಬಂತೆಂದರೆ ಕ್ಯಾಮೆರಾದ ಹಿಂದಿನ ಗೋಡೆಗೆ ನಾಲ್ಕು ಕೌದಿ ಇಳಿಬಿಡಿ, ಚೌಕಟ್ಟಿಗೆ ಬಾರದ ನೆಲಕ್ಕೂ ಒಂದು ಹಾಸಿ. ಹತ್ತಿಬಟ್ಟೆಯ ಪದರಗಳ ಕೌದಿ ಬಾಡಿಗೆ ಫೋಮ್‌ಗೇನೂ ಕಡಿಮೆಯಲ್ಲ, ಮನೆಮನೆಯಲ್ಲೂ ಸಿಗುತ್ತದೆ. ಫ್ಯಾನ್, ಫ್ರಿಜ್ ಆರಿಸಿ. ಪ್ರತಿ ಜಾಗದಲ್ಲೂ ಯಾರೂ ಮಾತಾಡದ 30 ಸೆಕೆಂಡ್ ಮುದ್ರಿಸಿಕೊಂಡರೆ ಸಂಕಲನದಲ್ಲಿ ತೇಪೆ ಹಚ್ಚಲು ಬರುತ್ತದೆ. ರಂಗನಟರು ತಾಲೀಮಿನಲ್ಲಿ ಮೆಲ್ಲಗೆ ಹೇಳಿ, ಟೇಕ್‌ನಲ್ಲಿ ಕೊನೆಯ ಸಾಲಿನ ಪ್ರೇಕ್ಷಕರಿಗೆ ಮುಟ್ಟುವಂತೆ ದನಿ ಎತ್ತುತ್ತಾರೆ. ಆದ್ದರಿಂದ ಅತಿ ಜೋರಾದ ಮಾತನ್ನೇ ಹೇಳಿಸಿ, ಅದು ರೆಕಾರ್ಡರ್ ಮೀಟರಿನಲ್ಲಿ ಮೈನಸ್ 12 ಡಿಬಿ (ಡೆಸಿಬೆಲ್) ದಾಟದಂತೆ ಮಟ್ಟ ಕೂರಿಸಿ. ಒಮ್ಮೆ ಒಡೆದ ದನಿ ಮತ್ತೆ ಸರಿಹೋಗುವುದಿಲ್ಲ.

‘ನಟನೆ ಕಮ್ಮಿ ಮಾಡ್ರಿ’ ಎಂದರೆ ನಟ ಸೆಟೆದುಕೊಳ್ಳುತ್ತಾನೆ. ಕೈಗೆ ಕೆಲಸ ಕೊಡಿ: ಬಳ್ಳೊಳ್ಳಿ ಸುಲಿಯುವುದೋ, ಜೋಳ ಹಸನು ಮಾಡುವುದೋ. ಕಣ್ಣು ಮೊರದಲ್ಲಿದ್ದರೆ ದನಿ ತಾನಾಗಿ ಇಳಿಯುತ್ತದೆ.

ನಮ್ಮ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ 1/50 ಸೆಕೆಂಡ್ ಇಟ್ಟರೆ ಟ್ಯೂಬ್‌ಲೈಟ್ ಮಿನುಗುವುದಿಲ್ಲ. ಅಗ್ಗದ ಎಲ್‌ಇಡಿ ಆಗಲೂ ಮಿನುಗಿದರೆ ಬಲ್ಬನ್ನೇ ಬದಲಿಸಿ. ಎರಡು ಹಾರ್ಡ್‌ಡಿಸ್ಕಿಗೆ ಪ್ರತಿ ಹೋಗದೆ ಮೆಮೊರಿ ಕಾರ್ಡ್ ಅಳಿಸಬೇಡಿ.

ನಾಟಕದಲ್ಲಿ ನಡುನಡುವೆ ಸಿನಿಮಾ ಧಾಟಿಯ ಹಾಡು ಹಾಕಿದ್ದರೆ ಚಿತ್ರಕ್ಕೆ ಅದು ಬೇಡ. ಯೂಟ್ಯೂಬ್‌ನಲ್ಲಿ ಹಕ್ಕುದಾರರ ತಕರಾರು ಬರುತ್ತದೆ, ಚಿತ್ರೋತ್ಸವಗಳು ಅನುಮತಿ ಪತ್ರ ಕೇಳುತ್ತವೆ. ಹೊಸ ಧಾಟಿ ಹಾಕಿಸಿ ಹಾರ್ಮೋನಿಯಂ-ತಬಲಾದಲ್ಲೇ ನುಡಿಸಿಕೊಳ್ಳಿ. ನುಡಿಸಿದವರ, ಹಾಡಿದವರ, ನಟಿಸಿದವರ ಒಪ್ಪಿಗೆ ಸಹಿಯನ್ನು ಮೊದಲ ದಿನ ಬಣ್ಣ ಹಚ್ಚುವ ಮುಂಚೆಯೇ ಪಡೆಯಿರಿ. ಚಿತ್ರ ಮುಗಿದ ಮೇಲೆ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗುವಷ್ಟರಲ್ಲಿ ಜಾತ್ರೆ ಶುರುವಾಗಿರುತ್ತದೆ.