ಪಾಸ್, ಲೈನ್, ಸ್ಪೇರ್: ಕೊಡಗಿನ ಸಿದ್ದಾಪುರದಲ್ಲಿ ಇಂಗ್ಲಿಷ್ ಕಲಿಸಿದ ನನ್ನ ಅನುಭವ

ಮೊದಲ ವರ್ಷ ನಾನೂ ಎಲ್ಲರ ಹಾಗೆಯೇ ಮಾಡಿದೆ. ದಿನಕ್ಕೆ 10 ಪದ, ಎದುರಿಗೆ ಕನ್ನಡ ಅರ್ಥ, ಬಾಯಿಪಾಠ. ಅದಕ್ಕೊಂದು ಪುಸ್ತಿಕೆ ಬೇರೆ ಅಚ್ಚು ಹಾಕಿಸಿದೆ, ಹತ್ತಿರ ಹತ್ತಿರ 4000 ರೂಪಾಯಿ ಹೋಯಿತು. ಮಳೆಗಾಲದಲ್ಲಿ ಅರ್ಧ ಕಟ್ಟು ಬೂಷ್ಟು ಹಿಡಿಯಿತು, ಉಳಿದದ್ದು ಒಲೆ ಹಚ್ಚಲು ಆಯಿತು. ತಿಂಗಳಿಗೆ 300 ಫೀಸು. 18-20 ಮಕ್ಕಳಿದ್ದದ್ದು ಕೊನೆಗೆ 7 ಆಯಿತು.

ಒಂದು ದಿನ ಒಬ್ಬಳು ಹುಡುಗಿ 'ಮೈ ಫಾದರ್ ಈಸ್ ಎ ರೈಟರ್' ಅಂತ ಬರೆದಳು. ಯಾವ ಪುಸ್ತಕ ಬರೆದಿದ್ದಾರಮ್ಮಾ ಅಂದೆ. "ಹಾಜರಿ ಪುಸ್ತಕ ಸರ್" ಅಂದಳು. ಕಾಫಿ ತೋಟದ ರೈಟರ್, ಅಂದರೆ ಕೆಲಸದವರ ಹಾಜರಿ ಬರೆಯುವವರು! ಇದೇ ಊರಿನವನಾದ ನನಗೇ ಹೊಳೆಯಲಿಲ್ಲ ನೋಡಿ.

ಲೈನ್ ಮನೆ (ತೋಟದ ಕೆಲಸದವರ ಸಾಲು ಮನೆ), ಯಾರ್ಡ್ (ಕಾಫಿ ಒಣಗಿಸುವ ಕಣ), ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ), ಬ್ಯಾಕಿಂಗ್ ಮಳೆ (ಕಾಫಿ ಹೂ ಅರಳಿದ ಮೇಲೆ ಬೇಕಾಗುವ ಮಳೆ)... ಇವರ ಬಾಯಲ್ಲಿ ಇಂಗ್ಲಿಷ್ ಆಗಲೇ ಇದೆ, ಅಲ್ವಾ? ಅರ್ಥ ಬರೆಸುವುದನ್ನೇ ಬಿಟ್ಟೆ. ಒಂದು ಪದ ಕೊಟ್ಟು, ಎಲ್ಲೆಲ್ಲಿ ಕೇಳಿದ್ದೀರಿ ಅಂತ ಕೇಳತೊಡಗಿದೆ. 'ಪಾಸ್' ಅಂದರೆ ಪರೀಕ್ಷೆ, ಬಸ್ ಪಾಸ್, ಹಾಕಿಯ ಪಾಸ್. ಆಮೇಲೆ ನಾನು ಒಂದೇ ಒಂದು ಸೇರಿಸುತ್ತೇನೆ: 'ಪಾಸ್ ದ ಸಾಲ್ಟ್'. ಚೆಂಡಿನ ಹಾಗೆ ಉಪ್ಪನ್ನೂ ಆಚೆ ದಾಟಿಸುವುದು. ಮರೆಯುವುದಿಲ್ಲ.

ಗೋಣಿಕೊಪ್ಪಲಿನಲ್ಲಿ ಟ್ಯೂಷನ್ ಮಾಡುವ ಗೆಳೆಯರೊಬ್ಬರು, "ಇದು ಪಾಠವಾ, ಹರಟೆಯಾ?" ಅಂತ ನಕ್ಕರು. ಎಡವಿದ್ದೂ ಉಂಟು. ಒಬ್ಬ ಹುಡುಗ ಪ್ರವಾಸಿಗರಿಗೆ 'ಐ ಸ್ಟೇ ಇನ್ ಲೈನ್' ಅಂದ. ಪಾಪ, ಯಾವ ಕ್ಯೂನಲ್ಲಿ ಅಂತ ಅವರು ಕೇಳಿದರಂತೆ. ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೂ ಮಕ್ಕಳನ್ನು ಕರೆದುಕೊಂಡು ಹೋದೆ. 1997ರಲ್ಲಿ ಕರಡದಲ್ಲಿ ಶುರುವಾದದ್ದಲ್ವಾ, ಈಗ ಜಾತ್ರೆಯೇ. ಮೈಕಿನ ಇಂಗ್ಲಿಷ್ ಕೇಳಿ ಕಲಿಯಲಿ ಅಂತ ನನ್ನ ಲೆಕ್ಕ. ಚುರುಮುರಿ, ಐಸ್‌ಕ್ರೀಮ್‌ಗೆ 600 ಖರ್ಚಾಯಿತು, ಕಲಿತದ್ದು 'ಗೋಲ್' ಒಂದೇ.

ಕಳೆದ ವರ್ಷದಿಂದ ಹೋಂಸ್ಟೇ ಅಡುಗೆಯವರೂ ಬರುತ್ತಿದ್ದಾರೆ. ಅವರಲ್ಲೊಬ್ಬ ಅಕ್ಕನಿಗೆ 'ಸ್ಪೇರ್' ಅಂದರೆ ಜೀಪಿನ ಸ್ಪೇರ್ ಟಯರ್ ಅಷ್ಟೇ. ಅಲ್ಲಿಂದಲೇ ಶುರು ಮಾಡಿ ಸ್ಪೇರ್ ಕೀ, ಸ್ಪೇರ್ ಟವೆಲ್ ತನಕ ಬಂದೆವು. ಜುಲೈ ಚಳಿಯಲ್ಲಿ ಅತಿಥಿಯೊಬ್ಬರು 'ಎನಿ ಸ್ಪೇರ್ ಬ್ಲಾಂಕೆಟ್?' ಅಂದಾಗ ಈಕೆ ಕಂಬಳಿ ತಂದುಕೊಟ್ಟು, 'ಓನ್ಲಿ ಒನ್ ಸ್ಪೇರ್' ಅಂತ ಉತ್ತರವನ್ನೂ ಕೊಟ್ಟಿದ್ದಾರೆ! ಮಾಲೀಕರು ಸಂಬಳಕ್ಕೆ 500 ಸೇರಿಸಿದರಂತೆ.

ಈಗ 30ರ ಮೇಲೆ ಜನ ಇದ್ದಾರೆ, ಫೀಸು 400. ಯಾವ ಪದ ಆದಮೇಲೆ ಯಾವುದು ಅನ್ನುವ ಪಟ್ಟಿ ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ಗೋಣಿಕೊಪ್ಪಲಿನ ಗೆಳೆಯರು ಮೊನ್ನೆ ಫೋನ್ ಮಾಡಿ, "ಆ ಪಟ್ಟಿ ಸುಮ್ನೆ ಒಂದ್ಸಲ ಕಳಿಸಿ, ನೋಡ್ತೀನಿ" ಅಂದರು. ಇನ್ನೂ ಕಳಿಸಿಲ್ಲ.